ನಿಕ್ಷೇಪ: ಕೆಳಗಿಡುವುದರ ಬಗ್ಗೆ, ಒಂದು ಮನೆಗಾಡಿಯ ನೆಪದಲ್ಲಿ

ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯವು ಆಸ್ರವದ ವಿಚಾರಕ್ಕೆ ಮೀಸಲು. ಕರ್ಮವು ಹರಿದುಬರುವುದಕ್ಕೆ ಜೀವ ಹೇಗೆ ಆಧಾರವೋ ಅಜೀವ ವಸ್ತುಗಳೂ ಹಾಗೆಯೇ ಆಧಾರವಾಗುತ್ತವೆ ಎಂದು ಹೇಳುವ ಉಮಾಸ್ವಾಮಿಗಳು, ಒಂಬತ್ತನೆಯ ಸೂತ್ರದಲ್ಲಿ ಆ ಅಜೀವಾಧಿಕರಣವನ್ನು ನಿರ್ವರ್ತನೆ, ನಿಕ್ಷೇಪ, ಸಂಯೋಗ, ನಿಸರ್ಗ ಎಂದು ನಾಲ್ಕಾಗಿ ವಿಂಗಡಿಸುತ್ತಾರೆ. ವಸ್ತುವನ್ನು ಮಾಡುವುದು, ಇಡುವುದು, ಕೂಡಿಸುವುದು, ಮನೋವಾಕ್ಕಾಯಗಳನ್ನು ತೊಡಗಿಸುವುದು ಎಂದು ಸ್ಥೂಲವಾಗಿ ಅರ್ಥ ಹೇಳಬಹುದು. ಕಷಾಯ, ಲೇಶ್ಯೆ, ಗುಣಸ್ಥಾನಗಳ ಕಡೆಗೆ ಅವಸರದಿಂದ ಸಾಗುವ ಓದುಗರು ಈ ಸೂತ್ರವನ್ನು ಸಾಮಾನ್ಯವಾಗಿ ಬೇಗ ದಾಟಿಬಿಡುತ್ತಾರೆ. ಪಂಪ ರನ್ನರ ಹಿನ್ನೆಲೆಗಾಗಿ ಜೈನಶಾಸ್ತ್ರವನ್ನು ಓದುವ ನಮ್ಮ ಸ್ನಾತಕೋತ್ತರ ವಿದ್ಯಾರ್ಥಿಗಳಿಗಂತೂ ಇದು ನೆನಪಿಟ್ಟುಕೊಳ್ಳಬೇಕಾದ ಇನ್ನೊಂದು ಪಟ್ಟಿ. ಆದರೆ ಸರ್ವಾರ್ಥಸಿದ್ಧಿಯಲ್ಲಿ ಪೂಜ್ಯಪಾದರು ನಿಕ್ಷೇಪದ ನಾಲ್ಕು ಬಗೆಗಳನ್ನು ಹೆಸರಿಸುವ ಕಡೆ ಒಂದು ಗಳಿಗೆ ನಿಲ್ಲಬೇಕು. ಅಪ್ರತ್ಯವೇಕ್ಷಿತ, ಅಂದರೆ ನೋಡದೆ ಇಡುವುದು. ದುಷ್ಪ್ರಮೃಷ್ಟ, ಸರಿಯಾಗಿ ಶುಚಿಮಾಡದೆ ಇಡುವುದು. ಸಹಸಾ, ಅವಸರದಲ್ಲಿ ಇಡುವುದು. ಅನಾಭೋಗ, ಲಕ್ಷ್ಯವಿಲ್ಲದೆ ಎಲ್ಲೆಂದರಲ್ಲಿ ಇಡುವುದು.

ನಿಕ್ಷೇಪ ಎಂಬ ಮಾತು ನಮ್ಮ ಭಾಷೆಯಲ್ಲಿ ಬಹಳ ದೂರ ನಡೆದು ಬಂದಿದೆ. ಶಾಸನಗಳನ್ನು ಓದುವವರಿಗೆ ಅಷ್ಟಭೋಗಗಳ ಪಟ್ಟಿಯಲ್ಲಿ ನಿಧಿಯ ಪಕ್ಕದಲ್ಲೇ ಬರುವ ನಿಕ್ಷೇಪ ಪರಿಚಿತವಾದದ್ದು. ಅಲ್ಲಿ ಅದು ನೆಲದಲ್ಲಿ ಹೂತಿಟ್ಟ ಧನ. ಇಂದಿನ ಪತ್ರಿಕೆಗಳಲ್ಲಿ ಅದು ಖನಿಜ ನಿಕ್ಷೇಪ. ನಾಮ, ಸ್ಥಾಪನಾ, ದ್ರವ್ಯ, ಭಾವ ಎಂಬ ನಾಲ್ಕು ನಿಕ್ಷೇಪಗಳ ಮಾತೇ ಬೇರೆ. ಅದು ಒಂದು ಶಬ್ದವನ್ನು ಯಾವ ಅರ್ಥದಲ್ಲಿ ಇರಿಸಲಾಗಿದೆ ಎಂದು ತಿಳಿಯುವ ಕ್ರಮ. ಈ ಎಲ್ಲ ಅರ್ಥಗಳ ತಳದಲ್ಲಿರುವುದು ಒಂದೇ ಕ್ರಿಯೆ: ಕೈಯಲ್ಲಿ ಇರುವುದನ್ನು ಇಳಿಸಿ ಇಡುವುದು. ಒಂಬತ್ತನೆಯ ಅಧ್ಯಾಯದಲ್ಲಿ ಐದು ಸಮಿತಿಗಳನ್ನು ಹೇಳುವಾಗಲೂ ಆದಾನ ಮತ್ತು ನಿಕ್ಷೇಪ, ಎತ್ತಿಕೊಳ್ಳುವುದು ಮತ್ತು ಇಡುವುದು, ಒಂದೇ ಸಮಿತಿಯೊಳಗೆ ಜೋಡಿಯಾಗಿ ಬರುತ್ತವೆ. ಎತ್ತಿಕೊಳ್ಳುವಾಗ ಎಚ್ಚರ ಬೇಕೆಂಬುದನ್ನು ಯಾರೂ ಒಪ್ಪುತ್ತಾರೆ. ಇಟ್ಟಮೇಲೆ ಕೆಲಸ ಮುಗಿಯಿತು ಎಂಬುದು ಲೋಕದ ರೂಢಿ. ಸೂತ್ರಕಾರರು ಇಡುವುದನ್ನೂ ಕ್ರಿಯೆಯೆಂದೇ ಎಣಿಸಿದರು, ಮತ್ತು ಅದರಿಂದಾಗಬಹುದಾದ ಹಿಂಸೆಯನ್ನು ಇಟ್ಟವನ ಲೆಕ್ಕಕ್ಕೇ ಬರೆದರು.

ಈ ನಾಲ್ಕು ಮಾತುಗಳು ನನ್ನ ಮನಸ್ಸಿನಲ್ಲಿ ನೆಲೆನಿಂತದ್ದು ಗ್ರಂಥಾಲಯದಲ್ಲಲ್ಲ, ಅಮೆರಿಕದ ಮಿನೆಸೋಟಾ ರಾಜ್ಯದ ಒಂದು ಶೆಡ್ಡಿನಲ್ಲಿ. ಕಳೆದ ಅಕ್ಟೋಬರಿನಲ್ಲಿ ಮಿನಿಯಾಪೊಲಿಸ್ ನಗರದ ಅಂಚಿನಲ್ಲಿರುವ ತಂಗಿಯ ಮನೆಯಲ್ಲಿ ಮೂರು ವಾರ ಇದ್ದೆ. ತಂಗಿಯ ಯಜಮಾನರ ಬಳಿ ಒಂದು ಮೋಟಾರ್ ಹೋಮ್ ಇದೆ. ಅಡುಗೆಯ ಒಲೆ, ಮಲಗುವ ಮಂಚ, ಸ್ನಾನದ ಕೋಣೆ ಎಲ್ಲವನ್ನೂ ಹೊತ್ತು ಓಡುವ ಈ ವಾಹನವನ್ನು ನಾನು ಮನೆಗಾಡಿ ಎಂದು ಕರೆಯುತ್ತೇನೆ; ಮೊದಲು ನಕ್ಕರೂ ಈಗ ಅವರ ಮನೆಯಲ್ಲೂ ಅದೇ ಹೆಸರು ನಿಂತಿದೆ. ಆ ಸೀಮೆಯಲ್ಲಿ ನವೆಂಬರಿನಿಂದ ಮಾರ್ಚ್ ಕೊನೆಯವರೆಗೆ, ಕೆಲವೊಮ್ಮೆ ಏಪ್ರಿಲ್‌ವರೆಗೂ, ಹಿಮ. ಅಷ್ಟು ಕಾಲ ಮನೆಗಾಡಿಗೆ ಸಂಚಾರವಿಲ್ಲ. ಊರಾಚೆ ಒಬ್ಬ ರೈತರು ತಮ್ಮ ದೊಡ್ಡ ಶೆಡ್ಡಿನಲ್ಲಿ ಇಂಥ ಗಾಡಿಗಳಿಗೆ ಬಾಡಿಗೆಗೆ ಜಾಗ ಕೊಡುತ್ತಾರೆ. "ಭಾವ, ನಮ್ಮ ಗಾಡಿಗೂ ಚಾತುರ್ಮಾಸ" ಎಂದು ಯಜಮಾನರು ತಮಾಷೆ ಮಾಡಿದರು.

ತಮಾಷೆಯ ಹಿಂದೆ ಒಂದು ಆತಂಕವೂ ಇತ್ತು. ಅವರ ಪರಿಚಿತರೊಬ್ಬರ ಮನೆಗಾಡಿ ಹಿಂದಿನ ಚಳಿಗಾಲವಿಡೀ ನಿಂತಿದ್ದು ಮೇ ತಿಂಗಳಲ್ಲಿ ಹೊರಟಿತ್ತು. ಮಿನಿಯಾಪೊಲಿಸ್‌ನಿಂದ ಉತ್ತರಕ್ಕೆ ಹೋಗುವ 35ನೆಯ ಅಂತಾರಾಜ್ಯ ಹೆದ್ದಾರಿ, ಥಾಂಪ್ಸನ್ ಗುಡ್ಡದ ನೆತ್ತಿಯಿಂದ ಸುಪೀರಿಯರ್ ಸರೋವರದ ದಂಡೆಯ ಡುಲೂತ್ ನಗರಕ್ಕೆ ಒಂದೇ ಸಮನೆ ಇಳಿಯುತ್ತದೆ. ಆ ಇಳಿಜಾರಿನ ಮಧ್ಯದಲ್ಲಿ ಮುಂದಿನ ಬಲಗಾಲಿಯಿಂದ ಸುಟ್ಟ ವಾಸನೆ ಬಂತಂತೆ; ಬ್ರೇಕು ತುಳಿದರೆ ಪೆಡಲು ಮೆತ್ತಗೆ ನೆಲಕ್ಕೆ ಇಳಿಯಿತಂತೆ. ಗೇರು ತಗ್ಗಿಸಿ, ಹೇಗೋ ರಸ್ತೆಯ ಅಂಚಿಗೆ ತಂದು ನಿಲ್ಲಿಸಿದರು. ಒಳಗೆ ಇಬ್ಬರು ಮಕ್ಕಳಿದ್ದರು. ಯಾರಿಗೂ ಪೆಟ್ಟಾಗಲಿಲ್ಲ. ಈಗ ತಂಗಿಯ ಮಗ, ಇಪ್ಪತ್ತರ ಹುಡುಗ, ಬರುವ ಮೇ ತಿಂಗಳಲ್ಲಿ ಗೆಳೆಯರೊಡನೆ ಅದೇ ಗುಡ್ಡ ಇಳಿದು ಸರೋವರದ ಉತ್ತರ ದಂಡೆಗೆ ಹೋಗುತ್ತೇನೆ ಎಂದು ಹಟ ಹಿಡಿದಿದ್ದ. ಗಾಡಿಯನ್ನು ಶೆಡ್ಡಿಗೆ ಬಿಡುವ ಕೆಲಸವನ್ನು ತಂಗಿ ಅವನಿಗೇ ವಹಿಸಿದಳು. ಇಳಿಸುವವನೇ ಇಡಲಿ ಎಂಬುದು ಅವಳ ನ್ಯಾಯ.

ಇಲ್ಲಿ ಒಂದು ಮಾತನ್ನು ಹೇಳಿಬಿಡುವುದು ಒಳ್ಳೆಯದು. ಆಧುನಿಕ ಯಂತ್ರಗಳೆಲ್ಲ ನಮ್ಮ ಆಗಮಗಳಲ್ಲಿ ಆಗಲೇ ಇದ್ದವು ಎಂದು ಸಾಧಿಸುವ ಲೇಖನಗಳು ಈಚೆಗೆ ಹೆಚ್ಚಾಗಿವೆ. ನನಗೆ ಆ ದಾರಿಯಲ್ಲಿ ನಂಬಿಕೆಯಿಲ್ಲ. ಪೂಜ್ಯಪಾದರಿಗೆ ಬ್ರೇಕು ಗೊತ್ತಿರಲಿಲ್ಲ, ಗೊತ್ತಿರಬೇಕಾದ ಅಗತ್ಯವೂ ಇರಲಿಲ್ಲ. ಅವರು ಬರೆದದ್ದು ಕಮಂಡಲು, ಶಾಸ್ತ್ರ, ಹಾಸುಗಳನ್ನು ನೆಲಕ್ಕಿಡುವ ಮುನಿಯ ಕೈಯ ಬಗ್ಗೆ. ಆದರೂ ಆ ಶೆಡ್ಡಿನಲ್ಲಿ ಹುಡುಗ ಕೇಳಿದ ಒಂದೊಂದು ಪ್ರಶ್ನೆಗೂ ನನಗೆ ಆ ನಾಲ್ಕು ಮಾತುಗಳಲ್ಲಿ ಒಂದಲ್ಲ ಒಂದು ನೆನಪಾಗುತ್ತಿತ್ತು. ಹೋಲಿಕೆಗೆ ಅಷ್ಟು ಮಾತ್ರ ಬೆಲೆ.

ಅವನ ಮೊದಲ ಪ್ರಶ್ನೆ ಸಹಜವಾದದ್ದು. ಗಾಡಿಯನ್ನು ಜಾಗಕ್ಕೆ ತಂದು ನಿಲ್ಲಿಸಿ ಪಾರ್ಕಿಂಗ್ ಬ್ರೇಕನ್ನು ಬಲವಾಗಿ ತುಳಿದ. ಇಳಿದು ಬಾಗಿಲು ಹಾಕಿಕೊಳ್ಳುವಷ್ಟರಲ್ಲಿ ತಂದೆ ಅದನ್ನು ಬಿಡಿಸಲು ಹೇಳಿದರು. "ಮಾವ, ಆರು ತಿಂಗಳು ನಿಲ್ಲುವ ಗಾಡಿಗೆ ಬ್ರೇಕು ಹಾಕದೆ ಇನ್ನೇನು ಮಾಡಬೇಕು?" ಎಂದು ನನ್ನ ಕಡೆ ನೋಡಿದ. ನಾನು ಕನ್ನಡದ ಅಧ್ಯಾಪಕ. ಉತ್ತರವನ್ನು ಅವನ ತಂದೆಯೇ ಕೊಟ್ಟರು. ಬ್ರೇಕಿನ ಡ್ರಮ್ಮೂ ಡಿಸ್ಕೂ ಎರಕದ ಕಬ್ಬಿಣದವು. ಅವುಗಳ ಉಜ್ಜುವ ಮೈಗೆ ಬಣ್ಣ ಬಳಿಯುವಂತಿಲ್ಲ, ಎಣ್ಣೆ ಸವರುವಂತಿಲ್ಲ. ಬೆತ್ತಲೆಯ ಕಬ್ಬಿಣಕ್ಕೆ ಗಾಳಿಯ ತೇವ ಸಾಕು, ಒಂದೇ ರಾತ್ರಿಯಲ್ಲಿ ತೆಳುವಾದ ತುಕ್ಕು ಏಳುತ್ತದೆ. ಬ್ರೇಕಿನ ಲೈನಿಂಗನ್ನು ಆ ಕಬ್ಬಿಣಕ್ಕೆ ಒತ್ತಿ ತಿಂಗಳುಗಟ್ಟಲೆ ಬಿಟ್ಟರೆ ಎರಡರ ನಡುವೆ ಸಿಕ್ಕಿದ ತೇವ ಎಲ್ಲಿಗೂ ಹೋಗದು. ತುಕ್ಕು ಬೆಳೆದು ಎರಡನ್ನೂ ಅಂಟಿಸುತ್ತದೆ. ವಸಂತದಲ್ಲಿ ಗಾಡಿ ಕದಲುವುದಿಲ್ಲ. ಬಲವಂತವಾಗಿ ಎಳೆದರೆ ಕೆಲವು ಸಲ ಲೈನಿಂಗು ತನ್ನ ಲೋಹದ ಹಲಗೆಯಿಂದಲೇ ಕಿತ್ತುಬರುತ್ತದೆ. ಕರಾವಳಿಯ ಮಳೆಗಾಲದಲ್ಲಿ ಹ್ಯಾಂಡ್‌ಬ್ರೇಕು ಎಳೆದು ಹತ್ತು ದಿನ ನಿಲ್ಲಿಸಿದ ಕಾರು ಹೊರಡುವಾಗ 'ಟಕ್' ಎಂದು ಬಿಡಿಸಿಕೊಳ್ಳುವ ಸದ್ದನ್ನು ನಮ್ಮವರು ಕೇಳಿಯೇ ಇರುತ್ತಾರೆ. ಇದು ಅದೇ ರೋಗದ ದೊಡ್ಡ ರೂಪ.

ಹಾಗಾದರೆ ಗಾಡಿ ನಿಲ್ಲುವುದು ಯಾವುದರಿಂದ? ಸಮತಟ್ಟಾದ ನೆಲ, ಪಾರ್ಕ್ ಸ್ಥಾನದಲ್ಲಿರುವ ಗೇರು, ಗಾಲಿಗಳ ಹಿಂದೆ ಮುಂದೆ ಕೊಟ್ಟ ಬೆಣೆಗಳು. ನಮ್ಮ ಘಾಟಿಗಳಲ್ಲಿ ಲಾರಿ ಕೆಟ್ಟು ನಿಂತರೆ ಕ್ಲೀನರ್ ಮೊದಲು ಹಾರಿ ಇಳಿದು ಚಕ್ರಕ್ಕೆ ಕಲ್ಲು ಕೊಡುತ್ತಾನಲ್ಲ, ಆ ವಿದ್ಯೆಯೇ ಇದು. ಇಲ್ಲಿ ಕಲ್ಲಿನ ಬದಲು ಗಟ್ಟಿ ರಬ್ಬರಿನ ಬೆಣೆ. ಕ್ರಮ ಮಾತ್ರ ತಪ್ಪಬಾರದು. ಮೊದಲು ಬೆಣೆ, ಆಮೇಲೆ ಬ್ರೇಕು ಬಿಡಿಸುವುದು. ಆರು ಟನ್ನಿಗೂ ಮೀರಿ ತೂಗುವ ವಾಹನ ಇದು. ಈ ಎರಡರ ಕ್ರಮ ಅದಲುಬದಲಾದರೆ ಅದರ ಮುಂದೆ ನಿಂತವರಿಗೆ ಉಳಿಗಾಲವಿಲ್ಲ. ಕೊನೆಗೆ ಹುಡುಗ 'ಬೆಣೆ ಇದೆ, ಬ್ರೇಕು ಇಲ್ಲ' ಎಂದು ಒಂದು ಚೀಟಿ ಬರೆದು ಸ್ಟಿಯರಿಂಗ್ ಚಕ್ರಕ್ಕೆ ಕಟ್ಟಿದ. ಅದನ್ನು ಕನ್ನಡದಲ್ಲಿಯೇ ಬರೆದ ಎಂಬುದು ನನಗೆ ಸಂತೋಷ ಕೊಟ್ಟಿತು. ಶೆಡ್ಡಿನ ಒಡೆಯರಿಗೂ ತಿಳಿಯಬೇಕಲ್ಲ ಎಂದು ತಂದೆ ಅದರ ಕೆಳಗೆ ಇಂಗ್ಲಿಷಿನಲ್ಲಿ ಬರೆಸಿದರು.

ಬ್ರೇಕು ಹಾಕಿ ಹೊರಟುಬಿಡುವುದು ಸಹಸಾನಿಕ್ಷೇಪ. ನಿಲ್ಲಿಸುವ ಕ್ರಿಯೆ ಒಂದು ಕ್ಷಣದ್ದು, ನಿಂತಿರುವ ಸ್ಥಿತಿ ತಿಂಗಳುಗಳದ್ದು. ಕ್ಷಣಕ್ಕೆ ತಕ್ಕ ಉಪಾಯವನ್ನೇ ತಿಂಗಳುಗಳಿಗೂ ಹೂಡುವುದು ಅವಸರದ ಲಕ್ಷಣ.

ಶುಚಿಮಾಡುವ ವಿಷಯಕ್ಕೆ ಹೆಚ್ಚು ಹೊತ್ತು ಹಿಡಿಯಿತು. ಆ ರಾಜ್ಯದಲ್ಲಿ ಮೊದಲ ಹಿಮ ಬೀಳುತ್ತಲೇ ರಸ್ತೆಗಳಿಗೆ ಉಪ್ಪು ಎರಚುತ್ತಾರೆ. ಉಪ್ಪು ನೀರಿನ ಹೆಪ್ಪುಗಟ್ಟುವ ಬಿಂದುವನ್ನು ತಗ್ಗಿಸುವುದರಿಂದ ರಸ್ತೆ ಜಾರುವುದಿಲ್ಲ, ಜನ ಬದುಕುತ್ತಾರೆ. ಅದೇ ಉಪ್ಪು ಕಬ್ಬಿಣವನ್ನು ತಿನ್ನುತ್ತದೆ. ಉಪ್ಪುನೀರಿನಲ್ಲಿ ವಿದ್ಯುತ್ ಸುಲಭವಾಗಿ ಹರಿಯುವುದರಿಂದ ತುಕ್ಕಿನ ಕ್ರಿಯೆ ಚುರುಕಾಗುತ್ತದೆ, ಜೊತೆಗೆ ಉಪ್ಪು ತಾನಾಗಿ ತೇವವನ್ನು ಎಳೆದುಕೊಳ್ಳುತ್ತದೆ. ಆದ್ದರಿಂದ ಗಾಡಿಯನ್ನು ಉಪ್ಪು ಬೀಳುವ ಮೊದಲೇ ಶೆಡ್ಡಿಗೆ ಸೇರಿಸಬೇಕು. ಸಾಧ್ಯವಾಗದಿದ್ದರೆ ಅಡಿಭಾಗವನ್ನೆಲ್ಲ, ಗಾಲಿಗಳ ಒಳಮೈಯನ್ನೂ ಸೇರಿಸಿ, ಸಿಹಿನೀರಿನಲ್ಲಿ ತೊಳೆಯಬೇಕು. ಅನೇಕರು ಇಷ್ಟನ್ನು ಮಾಡುತ್ತಾರೆ, ಮತ್ತು ತೊಳೆದ ಗಾಡಿಯನ್ನು ನೇರವಾಗಿ ಒಳಗೆ ನಿಲ್ಲಿಸಿಬಿಡುತ್ತಾರೆ. ಒದ್ದೆಯಾದ ಡಿಸ್ಕು, ಒದ್ದೆಯಾದ ಪ್ಯಾಡು, ಮುಚ್ಚಿದ ಬಾಗಿಲು. ದುಷ್ಪ್ರಮೃಷ್ಟ ಎಂಬ ಮಾತಿನ ಮೊದಲಲ್ಲಿರುವ 'ದುಷ್' ಎಂಬ ಉಪಸರ್ಗದ ತೂಕ ನನಗೆ ಅಲ್ಲಿ ಚೆನ್ನಾಗಿ ತಿಳಿಯಿತು. ಶುಚಿಮಾಡದೆ ಇಟ್ಟವನನ್ನು ಆ ಮಾತು ಹೇಳುವುದಿಲ್ಲ. ಕೆಟ್ಟದಾಗಿ ಶುಚಿಮಾಡಿ, ಮಾಡಿದೆನೆಂಬ ನೆಮ್ಮದಿಯಲ್ಲಿ ಇಟ್ಟವನನ್ನು ಹೇಳುತ್ತದೆ. ಯಜಮಾನರು ಹುಡುಗನ ಕೈಯಲ್ಲಿ ಗಾಡಿಯನ್ನು ತೊಳೆಸಿದ ಮೇಲೆ ಇಪ್ಪತ್ತು ಕಿಲೋಮೀಟರು ಓಡಿಸಿದರು, ಖಾಲಿ ರಸ್ತೆಯಲ್ಲಿ ಹತ್ತಾರು ಸಲ ಹದವಾಗಿ ಬ್ರೇಕು ಹಿಡಿಸಿದರು. ಉಜ್ಜುವಿಕೆಯ ಬಿಸಿಗೆ ನೀರು ಆರಿಹೋಗುತ್ತದೆ. ಆ ಬಿಸಿಯಿನ್ನೂ ಪೂರ್ತಿ ಇಳಿಯುವ ಮೊದಲೇ ಗಾಡಿ ಶೆಡ್ಡಿನೊಳಗೆ ಬಂತು.

ಮೂಲಾಚಾರದಲ್ಲಿ ಮುನಿಯ ಪಿಂಛಿಗೆ ಐದು ಗುಣಗಳನ್ನು ಹೇಳಿದೆ: ಧೂಳನ್ನು ಹಿಡಿಯದಿರುವುದು, ಬೆವರನ್ನು ಹಿಡಿಯದಿರುವುದು, ಮೃದುತ್ವ, ಸುಕುಮಾರತೆ, ಲಘುತ್ವ. ಕೊನೆಯ ಮೂರು ಗುಣಗಳು ಜೀವಿಗಳಿಗೆ ನೋವಾಗದಿರಲು ಎಂಬುದು ಸ್ಪಷ್ಟ. ಮೊದಲ ಎರಡು ಗುಣಗಳನ್ನು ಓದುವಾಗ ಒಂದು ಸೂಕ್ಷ್ಮ ಹೊಳೆಯುತ್ತದೆ: ಗುಡಿಸುವ ಸಾಧನವೇ ಕೊಳೆಯನ್ನೂ ತೇವವನ್ನೂ ಹೊತ್ತಿದ್ದರೆ ಅದು ಗುಡಿಸಿದ್ದು ಶುಚಿಯಾಗುವುದಿಲ್ಲ. ನವಿಲುಗರಿಯನ್ನು ಆರಿಸಿದವರು ಸಾಧನದ ಸ್ವಭಾವವನ್ನು ಮೊದಲು ನೋಡಿದರು.

ತೇವವನ್ನು ಹಿಡಿಯುವುದೇ ಸ್ವಭಾವವಾಗಿರುವ ವಸ್ತುವೊಂದು ಮನೆಗಾಡಿಯ ಬ್ರೇಕಿನೊಳಗೇ ಇದೆ ಎಂಬುದು ನನಗೆ ಹೊಸ ವಿಷಯವಾಗಿತ್ತು. ಪೆಡಲನ್ನು ತುಳಿದಾಗ ಒತ್ತಡವು ಗಾಲಿಯವರೆಗೆ ಹೋಗುವುದು ಒಂದು ದ್ರವದ ಮೂಲಕ. ಡಾಟ್ 3, ಡಾಟ್ 4 ಎಂದು ಡಬ್ಬಿಯ ಮೇಲೆ ಅಚ್ಚಾಗಿರುವ ಈ ದ್ರವಗಳು ಗ್ಲೈಕಾಲ್ ಜಾತಿಯವು; ಗಾಳಿಯಲ್ಲಿನ ತೇವವನ್ನು ಹೀರುತ್ತಲೇ ಇರುತ್ತವೆ, ರಬ್ಬರು ನಳಿಗೆಯ ಗೋಡೆಯ ಮೂಲಕವೂ ಹೀರುತ್ತವೆ. ಹೊಸ ಡಾಟ್ 3 ದ್ರವವು ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದೆಂಬುದು ಅಮೆರಿಕದ ಮಾನಕ; ಶೇ. 3.7ರಷ್ಟು ನೀರು ಸೇರಿದ ಮೇಲೆ ಆ ಮಿತಿ 140ಕ್ಕೆ ಇಳಿಯುತ್ತದೆ. ಡಾಟ್ 4ಕ್ಕೆ ಈ ಅಂಕಿಗಳು 230 ಮತ್ತು 155. ಇಳಿಜಾರಿನಲ್ಲಿ ಬ್ರೇಕು ಕಾಯ್ದು ದ್ರವ ಕುದಿದರೆ ನಳಿಗೆಯಲ್ಲಿ ಆವಿ ತುಂಬುತ್ತದೆ. ದ್ರವವನ್ನು ಅಮುಕಲಾಗದು, ಆದ್ದರಿಂದಲೇ ಅದು ಒತ್ತಡವನ್ನು ಸಾಗಿಸುತ್ತದೆ. ಆವಿಯನ್ನು ಅಮುಕಬಹುದು, ಆದ್ದರಿಂದ ಪೆಡಲು ನೆಲಕ್ಕೆ ಇಳಿಯುತ್ತದೆ, ಗಾಲಿಗೆ ಏನೂ ಮುಟ್ಟುವುದಿಲ್ಲ. ಡುಲೂತ್ ಇಳಿಜಾರಿನಲ್ಲಿ ಆ ಕುಟುಂಬಕ್ಕೆ ಆದದ್ದು ಇದು. ಚಳಿಗಾಲದಲ್ಲಿ ತುಕ್ಕು ಹಿಡಿದ ಕ್ಯಾಲಿಪರಿನ ಪಿನ್ನು ಜಾರದೆ ಪ್ಯಾಡು ಡಿಸ್ಕಿಗೆ ಒತ್ತಿಕೊಂಡೇ ಉಳಿಯಿತು, ಅದರಿಂದ ಬಿಸಿ, ಬಿಸಿಯಿಂದ ಹಳೆಯ, ನೀರುಂಡ ದ್ರವದ ಕುದಿತ. ಎರಡು ಕಾರಣಗಳೂ ಹಿಂದಿನ ಶರತ್ಕಾಲದಲ್ಲಿ ಗಾಡಿಯನ್ನು ನಿಲ್ಲಿಸುವ ಹೊತ್ತಿಗೇ ಕೂಡಿದ್ದವು. ಗುಡ್ಡ ಅದನ್ನು ತೋರಿಸಿಕೊಟ್ಟಿತು, ಅಷ್ಟೆ.

ದ್ರವದ ಈ ಸ್ವಭಾವವನ್ನು ಬರಿಯ ದೋಷವೆಂದು ತಳ್ಳಿಹಾಕುವಂತೆಯೂ ಇಲ್ಲ. ಒಳಗೆ ಬಂದ ನೀರನ್ನು ಅದು ತನ್ನಲ್ಲಿ ಕರಗಿಸಿಕೊಳ್ಳುವುದರಿಂದ ನೀರು ಒಂದೆಡೆ ಹನಿಯಾಗಿ ನಿಂತು ಹೆಪ್ಪುಗಟ್ಟುವುದಿಲ್ಲ. ಸಿಲಿಕೋನ್ ಜಾತಿಯ ಡಾಟ್ 5 ದ್ರವ ತೇವವನ್ನು ಹೀರದು, ಆದರೆ ಬಂದ ನೀರು ತಗ್ಗಿನಲ್ಲಿ ಬೇರೆಯಾಗಿ ನಿಲ್ಲುತ್ತದೆ. ಅದನ್ನು ಗ್ಲೈಕಾಲ್ ದ್ರವದೊಡನೆ ಬೆರೆಸುವುದಂತೂ ಸಲ್ಲದು. ತೇವವನ್ನು ಸಹಿಸುವುದಕ್ಕೂ ಒಂದು ಅವಧಿಯಿದೆ: ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ ದ್ರವ ಬದಲಿಸಬೇಕೆನ್ನುತ್ತಾರೆ. ಬದಲಿಸುವ ಕಾಲ ಯಾವುದು ಎಂಬಲ್ಲಿ ಯಜಮಾನರ ಅಭಿಪ್ರಾಯ ನನಗೆ ಒಪ್ಪಿಗೆಯಾಯಿತು. ಬಹಳ ಜನ ಪ್ರವಾಸಕ್ಕೆ ಮೊದಲು, ವಸಂತದಲ್ಲಿ, ಬದಲಿಸುತ್ತಾರೆ. ಅವರು ಶೆಡ್ಡಿಗೆ ಬಿಡುವ ಮೊದಲೇ ಬದಲಿಸಿದರು. ನೀರು ಸೇರಿದ ದ್ರವ ಆರು ತಿಂಗಳು ಸಿಲಿಂಡರು ಪಿಸ್ಟನ್ನುಗಳ ಜೊತೆ ನಿಶ್ಚಲವಾಗಿ ಕುಳಿತರೆ ಲೋಹ ಒಳಗಿನಿಂದ ಕೊರೆಯುತ್ತದೆ. ವಸಂತದಲ್ಲಿ ಹೊಸ ದ್ರವ ತುಂಬಿದರೆ ಕುದಿಯುವ ಭಯ ಹೋಗಬಹುದು, ಆದ ಕೊರೆತ ಹೋಗದು. ತುಂಬುವಾಗಲೂ ಮುಚ್ಚಳ ಒಡೆಯದ ಹೊಸ ಡಬ್ಬಿಯನ್ನೇ ತರಿಸಿದರು. ಕಳೆದ ವರ್ಷ ಅರ್ಧ ಬಳಸಿ ಇಟ್ಟ ಡಬ್ಬಿ ಅಲ್ಲೇ ಕಪಾಟಿನಲ್ಲಿತ್ತು. ಅದು ಆಗಲೇ ಗಾಳಿಯ ತೇವವನ್ನು ಉಂಡಿರುತ್ತದೆ.

ನೋಡದೆ ಇಡಬಾರದು ಎಂಬ ಮೊದಲ ನಿಯಮಕ್ಕೆ ಒಂದು ಇಡೀ ದಿನ ಹೋಯಿತು, ಅದೂ ಮೆಕ್ಯಾನಿಕ್ಕರ ಬಳಿ. ಗಾಲಿಗಳನ್ನು ಬಿಚ್ಚಿ, ಪ್ಯಾಡಿನ ದಪ್ಪ ಅಳೆದು, ಕ್ಯಾಲಿಪರಿನ ಪಿನ್ನುಗಳನ್ನು ಹೊರಗೆಳೆದು ಒರೆಸಿ ಗ್ರೀಸು ಸವರಿದರು. ಪೆಟ್ರೋಲಿಯಂ ಗ್ರೀಸು ಅಲ್ಲಿಯ ರಬ್ಬರನ್ನು ಉಬ್ಬಿಸುವುದರಿಂದ ಬ್ರೇಕಿಗೆಂದೇ ಮಾಡಿದ ಸಿಲಿಕೋನ್ ಗ್ರೀಸು ಬೇಕು. ನಳಿಗೆಗಳಲ್ಲಿ ಬಿರುಕಿದೆಯೇ, ಪಿಸ್ಟನ್ನಿನ ಧೂಳುಗವಚ ಹರಿದಿದೆಯೇ ಎಂದು ದೀಪ ಹಿಡಿದು ನೋಡಿದರು. ಹುಡುಗನಿಗೆ ಅರ್ಧ ದಿನದಲ್ಲೇ ಬೇಸರ ಬಂತು. ನನಗೆ ಬರಲಿಲ್ಲ, ಹಸ್ತಪ್ರತಿಯೊಂದನ್ನು ಓಲೆ ಓಲೆಯಾಗಿ ತಿರುಗಿಸಿ ಹುಳು ತಿಂದ ಕಡೆಗಳನ್ನು ಗುರುತಿಸುವವರ ಮುಖದಲ್ಲಿ ಕಾಣುವ ನಿಧಾನ ಆ ಮೆಕ್ಯಾನಿಕ್ಕರಲ್ಲೂ ಇತ್ತು. ಇಂಧನ, ಬ್ಯಾಟರಿ, ನೀರಿನ ಕೊಳವೆಗಳಿಗೆ ತುಂಬುವ ಗುಲಾಬಿ ಬಣ್ಣದ ದ್ರಾವಣ ಇವೆಲ್ಲ ಬೇರೆ ಕೆಲಸಗಳು. ಅವನ್ನು ಇಲ್ಲಿ ಬಿಡುತ್ತೇನೆ.

ಅದೇ ಶೆಡ್ಡಿನ ಇನ್ನೊಂದು ಸಾಲಿನಲ್ಲಿ ವೃದ್ಧ ದಂಪತಿಗಳದೊಂದು ದೊಡ್ಡ ಡೀಸೆಲ್ ಮನೆಗಾಡಿ ನಿಂತಿತ್ತು, ಬಸ್ಸಿನಷ್ಟು ಉದ್ದದ್ದು. ಅದಕ್ಕೂ ಪಾರ್ಕಿಂಗ್ ಬ್ರೇಕು ಬಿಡಿಸಬೇಕಲ್ಲವೇ ಎಂದು ಹುಡುಗ ಕೇಳಿದ. ಅಲ್ಲಿ ನಿಯಮ ತಲೆಕೆಳಗು. ಅದು ಗಾಳಿಯ ಬ್ರೇಕು. 1869ರಲ್ಲಿ ಜಾರ್ಜ್ ವೆಸ್ಟಿಂಗ್‌ಹೌಸ್ ರೈಲುಗಳಿಗೆ ಗಾಳಿಯ ಬ್ರೇಕಿನ ಪೇಟೆಂಟು ಪಡೆದಾಗ ಗಾಳಿಯ ಒತ್ತಡವೇ ಬ್ರೇಕನ್ನು ಹಿಡಿಸುತ್ತಿತ್ತು. ಕೊಳವೆ ಎಲ್ಲಾದರೂ ತೂತಾದರೆ ಬ್ರೇಕೇ ಇಲ್ಲ. ಕೆಲವೇ ವರ್ಷಗಳಲ್ಲಿ ಅವರು ಅದನ್ನು ತಿರುವಿಹಾಕಿದರು. ಕೊಳವೆಯ ಒತ್ತಡ ಇರುವವರೆಗೆ ಬ್ರೇಕು ಬಿಟ್ಟಿರುತ್ತದೆ, ಒತ್ತಡ ಸೋರಿದರೆ ಹಿಡಿಯುತ್ತದೆ. ಇಂದಿನ ಬಸ್ಸು ಲಾರಿಗಳ ಪಾರ್ಕಿಂಗ್ ಬ್ರೇಕಿನಲ್ಲೂ ಅದೇ ನ್ಯಾಯ: ಹಿಡಿಯುವುದು ಬಲವಾದ ಸ್ಪ್ರಿಂಗು, ಅದನ್ನು ತಡೆದಿಟ್ಟು ಗಾಲಿಯನ್ನು ಬಿಡುವುದು ಗಾಳಿ. ನಿಂತ ಗಾಡಿಯಲ್ಲಿ ಗಾಳಿ ದಿನಗಳೆದಂತೆ ಸೋರಿಯೇ ಸೋರುತ್ತದೆ, ಸ್ಪ್ರಿಂಗು ತಾನಾಗಿ ಹಿಡಿಯುತ್ತದೆ. ಬೇಡವೆಂದರೂ ಬ್ರೇಕು ಚಳಿಗಾಲವಿಡೀ ಬಿಗಿದೇ ಇರುತ್ತದೆ. ಸ್ಪ್ರಿಂಗನ್ನು ಬೋಲ್ಟಿನಿಂದ ಕಟ್ಟಿಹಾಕುವ ಉಪಾಯವಿದೆಯಾದರೂ ಅದರ ಬಲ ಪ್ರಾಣಾಪಾಯಕರ. ತರಬೇತಿಯಿಲ್ಲದವರು ಮುಟ್ಟುವ ಕೆಲಸವಲ್ಲ. ಆದ್ದರಿಂದ ಅಲ್ಲಿ ಎಚ್ಚರ ಬೇರೆ ಕಡೆಗೆ ಹೋಗುತ್ತದೆ. ನಿಲ್ಲಿಸುವ ಮೊದಲು ಡ್ರಮ್ಮುಗಳನ್ನು ಓಡಿಸಿ ಒಣಗಿಸಬೇಕು. ಒತ್ತಿದ ಗಾಳಿಯಲ್ಲಿ ತೇವ ನೀರಾಗಿ ಇಳಿಯುವುದರಿಂದ ಗಾಳಿತೊಟ್ಟಿಗಳ ಕೆಳಗಿನ ಬಿರಡೆ ತೆರೆದು ನೀರು ಬಸಿಯಬೇಕು. ಬಿಟ್ಟರೆ ಅದು ಕವಾಟಗಳಲ್ಲಿ ಹೆಪ್ಪುಗಟ್ಟುತ್ತದೆ. ಗಾಳಿ ಒಣಗಿಸುವ ಡಬ್ಬಿಯ ಕಾಳುಗಳು ಹಳತಾಗಿದ್ದರೆ ಬದಲಿಸಬೇಕು. ಒಂದೇ ಸೂರಿನಡಿ ಎರಡು ಗಾಡಿಗಳು, ಒಂದಕ್ಕೆ ಧರ್ಮವಾದದ್ದು ಇನ್ನೊಂದಕ್ಕೆ ಅಸಾಧ್ಯ. ಶ್ರಾವಕನ ಅಣುವ್ರತವನ್ನೂ ಮುನಿಯ ಮಹಾವ್ರತವನ್ನೂ ಒಂದೇ ಅಳತೆಗೋಲಿನಿಂದ ಅಳೆದು ವ್ಯಾಖ್ಯಾನ ಬರೆಯುವವರನ್ನು ಆ ಶೆಡ್ಡಿಗೆ ಒಮ್ಮೆ ಕರೆದುಕೊಂಡು ಹೋಗಬೇಕು ಅನ್ನಿಸಿತು.

ಅನಾಭೋಗದ ಮಾತು ಉಳಿಯಿತು. ಮನೆಯ ಹಿತ್ತಿಲಿನ ಹುಲ್ಲುನೆಲದಲ್ಲೇ ಗಾಡಿಯನ್ನು ನಿಲ್ಲಿಸಿ ಮೇಲೊಂದು ಹೊದಿಕೆ ಹೊದಿಸುವವರು ಬಹಳ. ಹುಲ್ಲಿನಿಂದ, ಮಣ್ಣಿನಿಂದ ತೇವ ಮೇಲೇಳುತ್ತಲೇ ಇರುತ್ತದೆ. ಬ್ರೇಕುಗಳು ಗಾಡಿಯ ಅತ್ಯಂತ ಕೆಳಗಿನ ಭಾಗದಲ್ಲಿವೆ. ಕಾಂಕ್ರೀಟು ನೆಲದ, ಗಾಳಿಯಾಡುವ, ಒಣ ಜಾಗಕ್ಕೆ ಬಾಡಿಗೆ ಕೊಡುವುದು ಇದಕ್ಕಾಗಿ. ಆದರೆ ಒಣ ಜಾಗವನ್ನು ಹುಡುಕುವವರು ನಾವೊಬ್ಬರೇ ಅಲ್ಲ. ಶರತ್ಕಾಲ ಮುಗಿಯುತ್ತಲೇ ಹೊಲದ ಇಲಿಗಳು ಬೆಚ್ಚನೆಯ ಮೂಲೆಗಾಗಿ ಬರುತ್ತವೆ. ಗಾಡಿಯೊಳಗೆ ಗೂಡು ಕಟ್ಟುತ್ತವೆ, ತಂತಿಗಳನ್ನು ಕಡಿಯುತ್ತವೆ. ಗಾಲಿಯ ವೇಗವನ್ನು ಬ್ರೇಕಿನ ಕಂಪ್ಯೂಟರಿಗೆ ತಿಳಿಸುವ ತೆಳು ತಂತಿ ಅವುಗಳ ಬಾಯಿಗೆ ಸುಲಭದ ತುತ್ತು. ಶೆಡ್ಡಿನ ಉಳಿದ ಗಾಡಿಗಳ ಕೆಳಗೆ ಅಂಟುಹಲಗೆ, ವಿಷದ ಪೊಟ್ಟಣ ಕಂಡವು. ತಂಗಿಯ ಮನೆಯವರು ಅದನ್ನು ಇಡುವುದಿಲ್ಲ. ಹಾಗೆಂದು ಅವರು ಇಲಿಗಳಿಗೆ ಗಾಡಿಯನ್ನು ಬಿಟ್ಟುಕೊಟ್ಟಿದ್ದಾರೆ ಎಂದೂ ಅಲ್ಲ. ಕಾಳು, ಹಿಟ್ಟು, ಬಿಸ್ಕತ್ತಿನ ಒಂದು ಚೂರನ್ನೂ ಒಳಗೆ ಉಳಿಸದೆ ತೆಗೆಯುತ್ತಾರೆ. ಕೊಳವೆ, ತಂತಿಗಳು ಒಳಗೆ ಹೋಗುವ ಪ್ರತಿಯೊಂದು ಸಂದನ್ನೂ ಉಕ್ಕಿನ ನಾರಿನಿಂದ ಮುಚ್ಚುತ್ತಾರೆ. ಆ ಕೆಲಸಕ್ಕೆ ತಂಗಿಯೇ ಎರಡು ಸಂಜೆ ಕುಳಿತಳು, ನಾನು ದೀಪ ಹಿಡಿದೆ. ವಿಷವಿಡಲು ಎರಡು ನಿಮಿಷ ಸಾಕಿತ್ತು.

ತಿಂಗಳಿಗೊಮ್ಮೆ ಬಂದು ಎಂಜಿನು ಶುರುಮಾಡಿ ಹೋಗುವ ಪದ್ಧತಿ ಕೆಲವರಲ್ಲಿದೆ. ಗಾಡಿ ಓಡದೆ ಎಂಜಿನು ಮಾತ್ರ ಸ್ವಲ್ಪ ಹೊತ್ತು ತಿರುಗಿದರೆ ಒಳಗೆ ತೇವ ಕಟ್ಟುತ್ತದೆಯೇ ಹೊರತು ಬ್ರೇಕಿಗೆ ಏನೂ ಉಪಯೋಗವಿಲ್ಲ. ಅರ್ಧ ಗಂಟೆ ರಸ್ತೆಯಲ್ಲಿ ಓಡಿಸುವುದಾದರೆ ಒಳ್ಳೆಯದೇ. ಉಪ್ಪೆರಚಿದ ಮಿನೆಸೋಟಾದ ರಸ್ತೆಗಳಲ್ಲಿ ಅದೂ ಆಗದ ಮಾತು. ಹಾಗಾಗಿ ಇಟ್ಟದ್ದನ್ನು ಇಟ್ಟಂತೆಯೇ ಬಿಡುವುದೆಂದು ಅವರ ತೀರ್ಮಾನ. ನಡುಚಳಿಗಾಲದಲ್ಲಿ ಗಾಡಿ ಕದಲಿಸದಿರುವುದಕ್ಕೆ ತಂಗಿಗೆ ಇನ್ನೊಂದು ಕಾರಣವೂ ಇತ್ತು: ಇಷ್ಟೆಲ್ಲ ಮಾಡಿಯೂ ಎಲ್ಲಾದರೂ ಒಂದು ಇಲಿ ಗೂಡು ಕಟ್ಟಿದ್ದರೆ, ಆ ಚಳಿಯಲ್ಲಿ ಮರಿಗಳು ಏನಾದಾವು?

ಏಪ್ರಿಲ್ ಕೊನೆಯಲ್ಲಿ ಹುಡುಗ ಶೆಡ್ಡಿನಿಂದಲೇ ಫೋನು ಮಾಡಿದ. ಮಾಡುವುದನ್ನೆಲ್ಲ ಒಂದೊಂದಾಗಿ ತೋರಿಸಿದ. ಮೊದಲು ಎಂಜಿನಿನ ಮುಚ್ಚಳ ತೆರೆದು, ಗಾಲಿಗಳ ಹಿಂದೆ ದೀಪ ಹಿಡಿದು, ಗೂಡೇನಾದರೂ ಇದೆಯೇ ಎಂದು ನೋಡಿದ, ಇರಲಿಲ್ಲ. ದ್ರವದ ಮಟ್ಟ ನೋಡಿದ, ನೆಲದ ಮೇಲೆ ಸೋರಿದ ಕಲೆ ಹುಡುಕಿದ. ಪೆಡಲನ್ನು ಅರ್ಧ ನಿಮಿಷ ಒತ್ತಿ ಹಿಡಿದ. ಅದು ಕುಸಿಯದೆ ಗಟ್ಟಿಯಾಗಿ ನಿಂತಿತು. ಪಾರ್ಕಿಂಗ್ ಬ್ರೇಕನ್ನು ಒಮ್ಮೆ ಹಾಕಿ ಬಿಡಿಸಿ ನೋಡಿದ. ಚೀಟಿ ಬಿಚ್ಚಿ, ಬೆಣೆ ತೆ­ಗೆದು, ನಡೆಯುವ ವೇಗದಲ್ಲಿ ಹೊರಗೆ ತಂದ. ಡಿಸ್ಕಿನ ಮೇಲಿದ್ದ ತೆಳು ತುಕ್ಕು ಕರಕರ ಸದ್ದು ಮಾಡಿತು. ನಾಲ್ಕಾರು ಸಲ ಬ್ರೇಕು ಹಿಡಿದ ಮೇಲೆ ಅಳಿಸಿ ಹೋಯಿತು. ತುಕ್ಕು ಆಳಕ್ಕೆ ಇಳಿದು ಗುಳಿ ಬಿದ್ದಿದ್ದರೆ ಹಾಗೆ ಹೋಗುವುದಿಲ್ಲ. ಹತ್ತು ಕಿಲೋಮೀಟರು ಮೆಲ್ಲಗೆ ಓಡಿಸಿ ನಿಲ್ಲಿಸಿ, ಮುಟ್ಟದೆಯೇ ಬಿಸಿ ಅಳೆಯುವ ಉಪಕರಣವನ್ನು ಒಂದೊಂದು ಗಾಲಿಗೂ ಹಿಡಿದ. ಮೂರು ಕಡೆ ಹೆಚ್ಚು ಕಡಿಮೆ ಒಂದೇ ಅಂಕಿ ಬಂತು. ಹಿಂದಿನ ಎಡಗಾಲಿಯದು ಅದರ ಎರಡರಷ್ಟಿತ್ತು.

ಅವನ ಗೆಳೆಯರು ಮರುದಿನವೇ ಹೊರಡಲು ಚೀಲ ಕಟ್ಟಿದ್ದರು. ಗಾಡಿ ಮೆಕ್ಯಾನಿಕ್ಕರಲ್ಲಿಗೆ ಹೋಯಿತು. ಪಾರ್ಕಿಂಗ್ ಬ್ರೇಕಿನ ಕೇಬಲು ತನ್ನ ಕವಚದೊಳಗೆ ಒಂದು ಕಡೆ ತುಕ್ಕು ಹಿಡಿದು, ಹಾಕಿ ಬಿಡಿಸಿದಾಗ ಪೂರ್ತಿ ಹಿಂದಕ್ಕೆ ಜಾರದೆ, ಬ್ರೇಕನ್ನು ಕೂದಲೆಳೆಯಷ್ಟು ಹಿಡಿದೇ ಇಟ್ಟಿತ್ತು. ಹೊಸ ಕೇಬಲು ಬಂದು ಹಾಕಲು ಆರು ದಿನ ಹಿಡಿಯಿತು. ಗೆಳೆಯರಲ್ಲಿ ಒಬ್ಬನಿಗೆ ರಜೆ ಮುಗಿದು ಅವನು ಬರಲಿಲ್ಲ. ಮೇ ಎರಡನೆಯ ವಾರ ಹುಡುಗ ಥಾಂಪ್ಸನ್ ಗುಡ್ಡದ ನೆತ್ತಿಯ ವಿಶ್ರಾಂತಿತಾಣದಲ್ಲಿ ನಿಲ್ಲಿಸಿ, ನಾಲ್ಕು ಗಾಲಿಗಳ ಅಂಕಿಗಳನ್ನು ನನಗೂ ಅವನ ತಾಯಿಗೂ ಬರೆದು ಕಳಿಸಿದ. ಗೇರು ತಗ್ಗಿಸಿಕೊಂಡು ಇಳಿಯುತ್ತೇನೆ ಎಂದ. ಇಲ್ಲಿ ಆಗ ರಾತ್ರಿ ಹನ್ನೊಂದಾಗಿತ್ತು. ಸುಮಾರು ಅರ್ಧ ಗಂಟೆಯ ಮೇಲೆ ಸರೋವರದ ಒಂದು ಚಿತ್ರ ಬಂತು.